ಗುಳೆ ಹೋಗೋ ಬಸುರಿ ಹೆಣ್ಮಕ್ಕಳಿಗಿ ಎರಡನೇ ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯೋ) ಸೂಜಿ ತಪ್ಪಿ ಹೋಗ್ತದ, ಹ್ಯಾಂಗ ಮಾಡಬೇಕ್ರಿ?

ಹತ್ತಿಹೊಲ_ಸಿಸ್ಟರ್:
ಎಲ್ಲರಿಗೂ ನಮಸ್ಕಾರ್ರಿ. ನಾನು ಯಾದಗಿರಿ ಜಿಲ್ಲಾದಾಗ ಒಂದು ಸಬ್ ಸೆಂಟರ್‌ನ್ಯಾಗ ಕೆಲಸ ಮಾಡ್ತೀನಿ, ಬಂದು ಎರಡು ವರ್ಷ ಆಯ್ತು, ಎರಡು ಊರು ಮೂರು ತಾಂಡಾ ನಮಗ ಬರ್ತಾವ. ರಿಜಿಸ್ಟರ್ ತೆಗದಾಗೊಮ್ಮೆ ಅದೇ ಸಂಕಟ. ಮೊದಲನೇ ಟಿಡಿ ಹಾಕಿಸ್ಕೊಂಡಿರ್ತಾರ, ಎರಡನೇದು ಖಾಲಿ. ನಾಲ್ಕು ವಾರ ಬಿಟ್ಟು ಬಾರವ್ವ ಅಂತ ಹೇಳಿ ಕಳಿಸಿರ್ತೀವಿ, ಅಷ್ಟ್ರಾಗ ಮನಿಗಿ ಕೀಲಿ ಬಿದ್ದಿರ್ತದ. ದೀಪಾವಳಿ ಆಯ್ತಂದ್ರ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಗಂಡ ಹೆಂಡ್ತಿ ಇಬ್ಬರೂ ಹೊಂಟುಬಿಡ್ತಾರ. ಊರಾಗ ಉಳಿದವರಿಗಿ ಹತ್ತಿ ಬಿಡಿಸೋ ಸೀಸನ್, ಒಂದಿನ ಬಿಟ್ರ ಒಂದಿನದ ಕೂಲಿ ಹೋಯ್ತು. ಇನ್ನು ಕೆಲವರು ದೃಷ್ಟಿ ಆಗ್ತದಂತ ನಾಲ್ಕು ತಿಂಗಳತನ ಬಸುರಿ ಅಂತ ಬಾಯಿನೇ ಬಿಡಲ್ಲ, ಚೊಚ್ಚಲ ಇದ್ರ ಕುಬಸ ಆದಕೂಡ್ಲೇ ತವರಿಗಿ ಹೋಗ್ತಾರ, ಆಕಿ ಯಾರ ಲೆಕ್ಕಕ್ಕ ಬರ್ತಾಳ ಅಂತ ನಮಗೂ ಗೊತ್ತಾಗಲ್ಲ ಅಲ್ಲಿ ಆಶಾ ಅಕ್ಕಾಗೂ ಗೊತ್ತಾಗಲ್ಲ.

ಮೀಟಿಂಗ್‌ನ್ಯಾಗ ಕೇಳಿದ್ರ 'ಜನರಿಗಿ ತಿಳುವಳಿಕಿ ಇಲ್ಲ' ಅಂತ ಒಂದೇ ಸಾಲು ಬರದು ಮುಗಿಸ್ತಾರ. ನನಗ ಅದು ಒಪ್ಪಿಗಿ ಆಗವಲ್ದು. ನನ್ನ ಮುಂದ 'ಸೂಜಿ ಬ್ಯಾಡ' ಅಂದವರು ಭಾಳ ಕಮ್ಮಿ ಅದಾರ. ನಿಮ್ಮ ಕಡಿ ಏನು ಮಾಡಿದ್ರಿ, ಅನುಭವ ಇದ್ದವರು ದಯವಿಟ್ಟು ಹೇಳ್ರಿ.

ನಿವೃತ್ತ_ಎಎನ್‌ಎಂ_ಚಾಮರಾಜನಗರ:
ನಿನ್ನ ಅನಿಸಿಕೆ ಸರಿ ಕಣಮ್ಮ. ನಾನು ಮೂವತ್ತು ವರ್ಷದ ಮೇಲೆ ಇದೇ ಕೆಲ್ಸ ಮಾಡಿ ರಿಟೈರ್ ಆದೋಳು. ಸರ್ವೀಸಿನ ಶುರುವಲ್ಲಿ ಧನುರ್ವಾಯು ಆದ ಹಸುಗೂಸನ್ನ ಕಣ್ಣಾರೆ ನೋಡಿದೀನಿ, ಹುಟ್ಟಿ ಎರಡು ದಿನ ಚೆನ್ನಾಗಿ ಹಾಲು ಕುಡೀತಿದ್ದ ಮಗು ಆಮೇಲೆ ಬಾಯಿ ಬಿಗಿದುಕೊಂಡು ಹಾಲೇ ಹಿಡೀತಿರ್ಲಿಲ್ಲ, ಸ್ವಲ್ಪ ಸದ್ದಾದ್ರೂ ಮೈಯೆಲ್ಲ ಸೆಟೆದುಕೊಳ್ತಿತ್ತು. ಹೊಕ್ಕುಳಬಳ್ಳಿ ಕೊಯ್ಯೋಕೆ ಸಿಕ್ಕಿದ ಬ್ಲೇಡು, ಕುಡುಗೋಲು, ಮೇಲಿಂದ ಬೂದಿನೋ ಸಗಣಿನೋ ಹಚ್ಚೋರು. ತಾಯಿಗೆ ಹಾಕೋ ಸೂಜಿಯ ಶಕ್ತಿ ಹೊಟ್ಟೇಲಿರೋ ಮಗುಗೆ ಹೋಗುತ್ತೆ, ಅದಕ್ಕೇ ಬಸುರಿಗೆ ಹಾಕೋದು. 2015ರಲ್ಲಿ ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂತು ಅಂತ ಘೋಷಣೆ ಆಯ್ತು, ಪ್ರತಿ ಜಿಲ್ಲೇಲೂ ಸಾವಿರ ಹೆರಿಗೆಗೆ ಒಂದು ಕೇಸಿಗಿಂತ ಕಮ್ಮಿ. ಎಷ್ಟು ಖುಷಿಪಟ್ಟಿದ್ದೆ ಅಂದ್ರೆ ಹೇಳೋಕಾಗಲ್ಲ. ಆದ್ರೆ ಈಗಿನ ಚಿಕ್ಕ ವಯಸ್ಸಿನ ಅತ್ತೆಯರು ಆ ಕಾಯಿಲೆನೇ ನೋಡಿಲ್ಲ, ಹಂಗಾಗಿ ಸೂಜಿ ಯಾಕೆ ಅಂತಾನೇ ಅವರಿಗೆ ಅನಿಸಲ್ಲ. ಹೋದಾಗ ಸೊಸೆಗಿಂತ ಮೊದ್ಲು ಅತ್ತೆ ಹತ್ರ ಕೂತು ಈ ಕಥೆ ಹೇಳು, ನಿಂತ್ಕೊಂಡು ಹೇಳಬೇಡ.

ಇನ್ನೊಂದು ಮಾತು, ನಮ್ಮೋರ ತಪ್ಪೇ ಇದು. ಲಸಿಕೆ ದಿನ ಬಿಟ್ಟು ಬೇರೆ ದಿನ ಬಂದ ಹೆಂಗಸಿಗೆ 'ಗುರುವಾರ ಬಾ' ಅಂತ ವಾಪಸ್ ಕಳಿಸ್ತಾರೆ, ಒಬ್ಬಳಿಗೋಸ್ಕರ ಹತ್ತು ಡೋಸಿನ ಬಾಟ್ಲಿ ಒಡೆಯೋಕೆ ಮನಸ್ಸು ಬರಲ್ಲ. ಟಿಡಿ ಬಾಟ್ಲಿನ ನಿಯಮದ ಪ್ರಕಾರ ತಂಪಲ್ಲಿ ಸರಿಯಾಗಿ ಇಟ್ಟು ಓಪನ್ ಮಾಡಿದ ತಾರೀಕು ಬರೆದಿದ್ರೆ 28 ದಿನದವರೆಗೂ ಬಳಸಬಹುದು. ಎರಡು ಮೈಲಿ ನಡ್ಕೊಂಡು ಬಂದೋಳನ್ನ ಒಂದು ಸಲ ಬರಿಗೈಲಿ ಕಳಿಸಿದ್ರೆ ಅವಳು ಮತ್ತೆ ಬರಲ್ಲ, ಅವಳ ಓರಗಿತ್ತೀನೂ ಬರಲ್ಲ.

ಊರಲ್ಲಿ ಸೂಲಗಿತ್ತಿ ಇದ್ರೆ ಅವರನ್ನ ದೂರ ಇಡಬೇಡ. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ಅವ್ರಿಗೆ 2018ರಲ್ಲಿ ಪದ್ಮಶ್ರೀ ಕೊಟ್ರಲ್ಲ, ಅಂಥ ನಂಬಿಕೆ ಜನಕ್ಕೆ ಅವರ ಮೇಲೆ ಇರುತ್ತೆ. ಅವರ ಬಾಯಿಂದ 'ಹಾಕಿಸ್ಕೊಳವ್ವ' ಅಂತ ಬಂದ್ರೆ ನಿನ್ನ ಅರ್ಧ ಕೆಲ್ಸ ಮುಗೀತು.

ಶೆಡ್_ಮನೆ_ಹುಡುಗಿ:
ಅಕ್ಕ ನಾನು ಗುಳೆ ಬಂದವಳೇ, ಲಿಂಗಸೂಗೂರು ಕಡೆಯವಳು, ಬೆಂಗಳೂರಲ್ಲಿ ಬಿಲ್ಡಿಂಗ್ ಕೆಲಸದ ಶೆಡ್ಡಲ್ಲಿ ಆರು ವರ್ಷ ಇದ್ದೆ. ಮೊದಲ ಮಗ ಹೊಟ್ಟೇಲಿದ್ದಾಗ ಒಂದು ಸೂಜಿ ಊರಲ್ಲಿ ಆಗಿತ್ತು. ತಾಯಿ ಕಾರ್ಡು ಊರಲ್ಲೇ ಟ್ರಂಕಿನಲ್ಲಿ ಉಳೀತು, ಯಾರೂ ತಗೊಂಡು ಹೋಗು ಅಂತ ಹೇಳಿರ್ಲಿಲ್ಲ. ಇಲ್ಲಿ ಒಂದು ಆಸ್ಪತ್ರೆಗೆ ಹೋದೆ, ಕಾರ್ಡ್ ಎಲ್ಲಿ ಅಡ್ರೆಸ್ ಎಲ್ಲಿ ಅಂದ್ರು, ಶೆಡ್ಡಿಗೆ ಏನು ಅಡ್ರೆಸ್ ಕೊಡ್ಲಿ, 'ಓದಿಲ್ವಾ, ಇಷ್ಟು ದಿನ ಏನ್ ಮಾಡ್ತಿದ್ದೆ' ಅಂತ ಎಲ್ಲರ ಮುಂದೆ ಬೈದ್ರು. ನಾನು ಅವತ್ತಿನ ಕೂಲಿ ಬಿಟ್ಟು, ಮೇಸ್ತ್ರಿ ಕೈಲಿ ಬೈಸ್ಕೊಂಡು, ಎರಡು ಬಸ್ ಹತ್ತಿ ಹೋಗಿದ್ದೆ. ಮತ್ತೆ ಹೋಗ್ಲಿಲ್ಲ. ದೇವರ ದಯೆ ಮಗ ಚೆನ್ನಾಗಿದ್ದಾನೆ, ಆದ್ರೆ ಆ ಬೈಗಳ ಇವತ್ತಿಗೂ ಕಿವೀಲಿದೆ.

ಎರಡನೇ ಸಲ ಒಬ್ಬರು ಆಶಾ ಅಕ್ಕ ಭಾನುವಾರ ಸಂಜೆ ಶೆಡ್ಡಿಗೇ ಬಂದ್ರು, ನಾವು ಅವರ ಏರಿಯಾ ಲಿಸ್ಟಲ್ಲೇ ಇರ್ಲಿಲ್ಲ, ಆದ್ರೂ ಬಂದ್ರು. ಅಡುಗೆ ಮಾಡೋವಾಗ ಪಕ್ಕದಲ್ಲಿ ಕೂತು ಮಾತಾಡಿಸಿದ್ರು. ಅವತ್ತು ಶೆಡ್ಡಲ್ಲಿದ್ದ ನಾಲ್ಕು ಜನ ಬಸುರಿಯರೂ ಹೆಸರು ಬರೆಸಿದ್ವಿ. ನೀವು ಊರಲ್ಲೇ ಕಾರ್ಡಿನ ಫೋಟೋ ತೆಗೆದು ಅವರ ಫೋನಿಗೂ ಗಂಡನ ಫೋನಿಗೂ ವಾಟ್ಸಾಪ್ ಮಾಡಿ ಕಳಿಸಿ ಅಕ್ಕ, ಕಾರ್ಡು ಮರೆತ್ರೂ ಫೋನ್ ಮರೆಯಲ್ಲ.

ಕಲ್ಲುಗಣಿ_ರಮೇಶ:
ಗಂಡಸರ ಕಡೆಯಿಂದ ಒಂದು ಮಾತು ಹೇಳ್ತೀನಿ. 2021 ಜುಲೈನಲ್ಲಿ ಬಸುರಿಯರೂ ಕೊರೋನಾ ಲಸಿಕೆ ತಗೋಬಹುದು ಅಂತ ಸರ್ಕಾರ ಹೇಳ್ತು, ನಮ್ಮೂರ ಗ್ರೂಪಲ್ಲಿ ಗರ್ಭ ಇಳಿಯುತ್ತೆ, ಮುಂದೆ ಮಕ್ಕಳಾಗಲ್ಲ ಅಂತ ವಿಡಿಯೋ ಹರಿದಾಡಿದ್ವು. ಆ ಭಯದಲ್ಲಿ ನನ್ನ ಹೆಂಡತಿಗೆ ಟಿಡಿನೂ ಬೇಡ ಅಂದುಬಿಟ್ಟೆ, ಅದೂ ಇದೂ ಒಂದೇ ಅನ್ಕೊಂಡಿದ್ದೆ. ಸಿಸ್ಟರ್ ನನಗೇ ಫೋನ್ ಮಾಡಿ ಇದು ಹೊಸದಲ್ಲಪ್ಪ, ನಿಮ್ಮ ತಾಯಿನೂ ಟಿಟಿ ಅಂತ ಹಾಕಿಸ್ಕೊಂಡಿರ್ತಾರೆ ಕೇಳಿ ನೋಡು, 2019ರಿಂದ ಅದಕ್ಕೆ ಗಂಟಲಮಾರಿ ಲಸಿಕೆನೂ ಸೇರಿಸಿ ಟಿಡಿ ಮಾಡಿದಾರೆ, ತೋಳು ಒಂದೆರಡು ದಿನ ನೋಯುತ್ತೆ, ಸ್ವಲ್ಪ ಜ್ವರ ಬರಬಹುದು ಅಂತ ಮೊದ್ಲೇ ಹೇಳಿದ್ರು. ಅಮ್ಮನ್ನ ಕೇಳಿದೆ, ಹೌದು ಅಂದ್ರು. ಮಾರನೇ ದಿನ ನಾನೇ ಬೈಕಲ್ಲಿ ಕರ್ಕೊಂಡು ಹೋದೆ. ನಮಗೂ ಹೇಳಿ, ಹೆಂಗಸರಿಗೆ ಮಾತ್ರ ಹೇಳಿದ್ರೆ ಮನೇಲಿ ನಾವು ಅಡ್ಡ ಬರ್ತೀವಿ.

ಹತ್ತಿಹೊಲ_ಸಿಸ್ಟರ್:
ಎಲ್ಲರಿಗೂ ಭಾಳ ಉಪಕಾರ ಆಯ್ತ್ರಿ. ಶೆಡ್ ಮನಿ ತಂಗಿ, ನಿನ್ನ ಮಾತು ಓದಿ ಕಣ್ಣಾಗ ನೀರು ಬಂದ್ವು, ನಾನೂ ಗದ್ದಲದಾಗ ಒಬ್ಬಿಬ್ಬರಿಗಿ ಹಂಗೇ ಜೋರು ಮಾಡೀನಿ, ಇನ್ನ ಮಾಡಂಗಿಲ್ಲ. ನಾಳಿಂದ ಹೆಸರು ಬರಕೊಳ್ಳುವಾಗ 'ಯಾವಾಗ ಗುಳೆ ಹೋಗ್ತೀರಿ, ಯಾವ ಊರಿಗಿ' ಅಂತ ಮೊದಲೇ ಕೇಳಿ ಕಾರ್ಡಿನ ಹಿಂದ ಬರೀತೀನಿ, ಗಂಡನ ನಂಬರ್ ಕೂಡ. ತಾಂಡಾದಾಗ ನನ್ನ ಕನ್ನಡ ಅರ್ಧ ಮಂದಿಗಿ ತಿಳಿಯಲ್ಲ, ಅಲ್ಲಿ ಒಬ್ಬಾಕಿ ಹಿರಿ ಯಾಡಿ (ಲಂಬಾಣಿ ಮಾತಿನ್ಯಾಗ ತಾಯಿ) ಅದಾಳ, ಆಕಿನ್ನ ಜೋಡಿ ಕರಕೊಂಡು ಮನಿಮನಿ ಹೋಗ್ತೀನಿ.

ಅಕ್ಕಾರ, ಎರಡು ಡೌಟ್ ಅವ. ಎಂಟು ತಿಂಗಳು ದಾಟಿದ ಮ್ಯಾಲ ಊರಿಗಿ ವಾಪಸ್ ಬಂದವರಿಗಿ ಹಾಕಬಹುದಲ್ರಿ? ಹೋದ ಹೆರಿಗಿದಾಗ ಎರಡೂ ಆಗಿದ್ರ?

ನಿವೃತ್ತ_ಎಎನ್‌ಎಂ_ಚಾಮರಾಜನಗರ:
36 ವಾರದೊಳಗೆ ಎರಡನೇದು ಆಗಿಬಿಟ್ರೆ ಒಳ್ಳೇದು, ದಾಟಿದ್ರೂ ಹಾಕಲೇಬೇಕು. ಒಂದೂ ಹಾಕಿಸದೆ ಹೆರಿಗೆ ನೋವಲ್ಲಿ ಬಂದೋಳಿಗೂ ಹಾಕ್ತೀವಿ. ಹಿಂದಿನ ಬಸುರಲ್ಲಿ ಎರಡೂ ಆಗಿ ಮೂರು ವರ್ಷದೊಳಗೆ ಮತ್ತೆ ಬಸುರಾಗಿದ್ರೆ ಒಂದು ಬೂಸ್ಟರ್ ಸಾಕು, ಹಂಗಾಗಿ ಹಳೇ ತಾಯಿ ಕಾರ್ಡ್ ಎಸೀಬೇಡಿ ಅಂತ ಹೇಳು. ಗುಳೆ ಹೋಗೋರಿಗೆ ಯಾವ ಊರಿನ ಸರ್ಕಾರಿ ಆಸ್ಪತ್ರೇಲಾದ್ರೂ ಇದು ಫ್ರೀ ಅಂತ ಹೇಳಿ ಕಳಿಸು, ಎಷ್ಟೋ ಜನಕ್ಕೆ ಅದೇ ಗೊತ್ತಿರಲ್ಲ.