ಸಹಾಯ ಬೇಕು: ಜೆಲ್ಲಿಫಿನ್‌ನಲ್ಲಿ ಯಕ್ಷಗಾನದ ವಿಡಿಯೋ ಜೋಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಯ ಹಳೇ ಡೆಸ್ಕ್‌ಟಾಪಿಗೆ ಉಬುಂಟು ಹಾಕಿ ಜೆಲ್ಲಿಫಿನ್ (ನಮ್ಮ ಹತ್ರ ಇರೋ ವಿಡಿಯೋಗಳನ್ನು ಜೋಡಿಸಿ ಮನೆಯ ಬೇರೆ ಸಾಧನಗಳಲ್ಲಿ ನೋಡೋಕೆ ಕೊಡೋ ಸಾಫ್ಟ್‌ವೇರ್) ಓಡಿಸ್ತಾ ಇದ್ದೀನಿ. ಟಿವಿ, ಮೊಬೈಲ್ ಎರಡರಲ್ಲೂ ಚೆನ್ನಾಗಿ ಬರ್ತಿದೆ, ಅದರಲ್ಲಿ ತಕರಾರಿಲ್ಲ.

ಸಿನಿಮಾಗಳೂ ಒಂದು ಹದಕ್ಕೆ ಬಂದಿವೆ. ಬರೀ 'ನಾಗರಹಾವು' ಅಂತ ಫೋಲ್ಡರ್ ಇದ್ದಾಗ 1972ರ ಚಿತ್ರಕ್ಕೆ 2016ರದ್ದರ ಪೋಸ್ಟರ್ ಬಂದು ಕೂರ್ತಿತ್ತು. ಹೆಸರಿನ ಜೊತೆ ಬ್ರಾಕೆಟ್ಟಿನಲ್ಲಿ ಇಸವಿ ಸೇರಿಸಿದೆ, ಸರಿಹೋಯ್ತು.

ತಲೆನೋವು ಯಕ್ಷಗಾನದ್ದು. ಮಾವನವರ ವಿಎಚ್‌ಎಸ್ ಕ್ಯಾಸೆಟ್‌ಗಳನ್ನೆಲ್ಲ ಎಂಪಿ4 ಮಾಡಿಸಿದ್ದೀವಿ. ಇಡೀ ರಾತ್ರಿಯ ಆಟ ಅಂದ್ರೆ ಒಂದು ಪ್ರಸಂಗಕ್ಕೆ ನಾಲ್ಕೈದು ಫೈಲು. ಸಿನಿಮಾ ಲೈಬ್ರರಿಗೆ ಹಾಕಿದ್ರೆ 'ಗದಾಯುದ್ಧ ಭಾಗ 2' ಬೇರೆಯೇ ಚಿತ್ರ ಆಗಿಬಿಡುತ್ತೆ, ಮೇಲೆ ಟಿಎಂಡಿಬಿ ಅನ್ನೋ ಸಿನಿಮಾ ಮಾಹಿತಿಯ ವೆಬ್‌ಸೈಟಿಂದ ಸಂಬಂಧವೇ ಇಲ್ಲದ ವಿವರ ಬೇರೆ!

ಟಿವಿ ಸರಣಿ ಲೈಬ್ರರಿ ಮಾಡಿ ಮೇಳವನ್ನು ಸರಣಿ, ಪ್ರಸಂಗವನ್ನು ಸೀಸನ್, ಭಾಗವನ್ನು ಎಪಿಸೋಡ್ ಅಂತ ಇಟ್ಟರೆ ನಡೆಯುತ್ತಾ? ಇಂಟರ್ನೆಟ್ಟಿಂದ ಮಾಹಿತಿ ತರೋದನ್ನು ಆಫ್ ಮಾಡಿ ಎನ್‌ಎಫ್‌ಒ ಫೈಲ್ (ವಿಡಿಯೋದ ವಿವರ ಬರೆದಿಡೋ ಪುಟ್ಟ ಪಠ್ಯ ಫೈಲು) ಕೈಯಲ್ಲೇ ಬರೆಯೋಕೆ ನಾನು ತಯಾರು. ಆದ್ರೆ ಮಾವ ಹುಡುಕೋದು ಪ್ರಸಂಗದ ಹೆಸರಿಂದಲ್ಲ, ಭಾಗವತರ ಹೆಸರಿಂದ. ಅವರನ್ನು 'ನಟ' ಅಂತ ಸೇರಿಸಿದ್ರೆ ಹೆಸರು ಒತ್ತಿದಾಗ ಅವರ ಪದ್ಯ ಇರೋ ಆಟಗಳೆಲ್ಲ ಒಟ್ಟಿಗೆ ಬರುತ್ತಾ, ಅಥವಾ ಟ್ಯಾಗ್ ವಾಸಿಯಾ? ಚೆಂಡೆ, ಮದ್ದಳೆಯವರನ್ನು ಎಲ್ಲಿಗೆ ಹಾಕೋದು?

ತಾಳಮದ್ದಳೆ, ಹರಿಕಥೆ ಹೀಗೆ ಜೋಡಿಸಿರೋರು ಯಾರಾದ್ರೂ ಇದ್ರೆ ಒಂದು ಎನ್‌ಎಫ್‌ಒ ಮಾದರಿ ಕಮೆಂಟಲ್ಲಿ ಹಾಕ್ತೀರಾ?