ಬಿಡಿ ಸಿಗರೇಟು, 21 ವರ್ಷ, ಸಾವಿರ ದಂಡ: ಹಾಸನದ ಪ್ರಶ್ನೆಗಳಿಗೆ ವಕೀಲರ ಉತ್ತರ

ಪ್ರಶ್ನೆ (ಬೀಡಾ ಅಂಗಡಿಯವರು, ಹಾಸನ):
ನಮಸ್ಕಾರ ಸಾರ್. ಬಸ್ ಸ್ಟ್ಯಾಂಡ್ ಹತ್ರ 14 ವರ್ಷದಿಂದ ಪೆಟ್ಟಿಗೆ ಅಂಗಡಿ ಇಟ್ಕೊಂಡಿದೀನಿ. ಬಿಡಿ ಸಿಗರೇಟು ಮಾರಂಗಿಲ್ಲ, 21 ತುಂಬದೋರಿಗೆ ಕೊಡಂಗಿಲ್ಲ ಅಂತ ಹೊಸ ಕಾನೂನು ಬಂದೈತಂತೆ. ಒಬ್ರು ಜೈಲು ಅಂತಾರೆ, ಒಬ್ರು ದಂಡ ಅಂತಾರೆ, ಇನ್ನೊಬ್ರು ಅದೆಲ್ಲಾ ಬೆಂಗಳೂರಿಗಷ್ಟೇ ಅಂತಾರೆ. ಹತ್ತು ಜನ ಬಂದ್ರೆ ಒಂಬತ್ತು ಜನ ಕೇಳೋದು ಒಂದೇ ಒಂದು ಸಿಗರೇಟು. ಪ್ಯಾಕ್ ತಗೊಳಿ ಅಂದ್ರೆ ಬಯ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ. ಮೊನ್ನೆ ಯಾರೋ ಒಬ್ರು ಬಂದು ಐನೂರು ಇಸ್ಕೊಂಡು ಹೋದ್ರು, ರಸೀದಿ ಕೊಡ್ಲಿಲ್ಲ. ಮೀಸೆ ಬಂದಿರೋ ಹುಡುಗನ ವಯಸ್ಸು ನಾನೆಂಗೆ ಹೇಳ್ಲಿ?

ಉತ್ತರ (ವಕೀಲರು):
ಬೆಂಗಳೂರಿಗಷ್ಟೇ ಅಲ್ಲ, ಇಡೀ ಕರ್ನಾಟಕಕ್ಕೆ. ಮೂಲ ಕಾನೂನು 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆ, ಜನ ಕೋಟ್ಪಾ ಅನ್ನೋದು ಅದನ್ನೇ. ಅದಕ್ಕೆ ನಮ್ಮ ರಾಜ್ಯ ತಿದ್ದುಪಡಿ ತಂದಿದೆ. 2024ರ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿತು. ಕೇಂದ್ರದ ಕಾಯ್ದೆಗೆ ರಾಜ್ಯ ಕೈಹಾಕಿದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕಾಯಿತು. 2025ರ ಮೇ ತಿಂಗಳಲ್ಲಿ ಅದೂ ಆಯಿತು.

ಜೈಲಿನ ಮಾತು ಎಲ್ಲಿಂದ ಹುಟ್ಟಿತು ಅಂದರೆ, ಇದೇ ತಿದ್ದುಪಡಿ ಹುಕ್ಕಾ ಬಾರ್‌ಗಳನ್ನು ಪೂರ್ತಿ ನಿಷೇಧಿಸಿದೆ. ಅದನ್ನು ನಡೆಸಿದವರಿಗೆ 1ರಿಂದ 3 ವರ್ಷ ಸಜೆ, 50 ಸಾವಿರದಿಂದ 1 ಲಕ್ಷದವರೆಗೆ ದಂಡ. ನಿಮ್ಮ ಪೆಟ್ಟಿಗೆ ಅಂಗಡಿಗೂ ಅದಕ್ಕೂ ಸಂಬಂಧವಿಲ್ಲ. ಬಿಡಿ ಸಿಗರೇಟು ಮಾರಿದರೆ, 21 ತುಂಬದವರಿಗೆ ಕೊಟ್ಟರೆ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರಿದರೆ ಸಾವಿರ ರೂಪಾಯಿವರೆಗೆ ದಂಡ. ಮೊದಲು ಇದು 200 ಇತ್ತು.

ಆದರೆ ಒಂದು ವಿಷಯಕ್ಕೆ ನೀವು ನಿಜವಾಗಿ ಹೆದರಬೇಕು. ಯಾರೂ ಇದನ್ನು ಮಾತಾಡುತ್ತಿಲ್ಲ. ಕೊಂಡ ಹುಡುಗನಿಗೆ 18 ತುಂಬಿಲ್ಲದಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಬರುತ್ತದೆ: 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಇದು ಹೊಸದಲ್ಲ, ಹತ್ತು ವರ್ಷದಿಂದ ಇದೆ. ಸಾವಿರ ರೂಪಾಯಿಗೆ ಗಲಾಟೆ ಮಾಡುವವರು ಏಳು ವರ್ಷದ ಕಲಂ ಮರೆತಿದ್ದಾರೆ.

ವಯಸ್ಸು ನೋಡಿಕೊಳ್ಳುವ ಹೊಣೆ ಮಾರುವವರದೇ. ಅನುಮಾನ ಬಂದರೆ ದಾಖಲೆ ಕೇಳುವ ಹಕ್ಕು ನಿಯಮದಲ್ಲೇ ಇದೆ. "ಆಧಾರ್ ತೋರ್ಸಪ್ಪ" ಅನ್ನಿ. ತೋರಿಸದಿದ್ದರೆ ಕೊಡಬೇಡಿ. ಬಯ್ದರೆ ಬಯ್ಯಲಿ. ನೀವು ತಪ್ಪು ಮಾಡಿದ್ದೀರೋ ಇಲ್ಲವೋ, ದಂಡ ಕಟ್ಟಿದ ಮೇಲೆ ರಸೀದಿ ಬೇಕೇ ಬೇಕು. ರಸೀದಿ ಇಲ್ಲದೆ ಹೋದ ಐನೂರು ದಂಡವಲ್ಲ. ಇನ್ನೊಮ್ಮೆ ಬಂದರೆ ಹೆಸರು, ಹುದ್ದೆ ಬರೆದುಕೊಳ್ಳಿ, ಗುರುತಿನ ಚೀಟಿ ಕೇಳಿ.

ಪ್ರಶ್ನೆ (ಪದವಿ ವಿದ್ಯಾರ್ಥಿ, 20 ವರ್ಷ):
ಸರ್, 18ಕ್ಕೆ ವೋಟ್ ಹಾಕಬಹುದು, ಲೈಸೆನ್ಸ್ ತಗೋಬಹುದು, ಸಿಗರೇಟ್ ಮಾತ್ರ ಯಾಕೆ ಬೇಡ? ನನ್ನ ಹತ್ರ ಸಿಕ್ಕಿದ್ರೆ ನನ್ನ ಮೇಲೆ ಕೇಸ್ ಆಗುತ್ತಾ? ಮುಂದೆ ಕೆಲಸಕ್ಕೆ ತೊಂದರೆ ಆಗುತ್ತಾ?

ಉತ್ತರ:
21 ತುಂಬದವರ ಬಗ್ಗೆ ಇರೋ ಕಲಂ ಹೇಳೋದು "ಮಾರಬಾರದು" ಅಂತ. ಕೊಂಡವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ನಿನ್ನ ಜೇಬಿನಲ್ಲಿ ಸಿಗರೇಟು ಇತ್ತು ಅನ್ನೋ ಕಾರಣಕ್ಕೆ ಆ ಕಲಂನಲ್ಲಿ ನಿನ್ನ ಮೇಲೆ ಕೇಸ್ ಆಗಲ್ಲ. ಆದರೆ ಸಾರ್ವಜನಿಕ ಜಾಗದಲ್ಲಿ ಸೇದಿದರೆ 20 ಆಗಿರಲಿ 60 ಆಗಿರಲಿ, ದಂಡ ಸಾವಿರದವರೆಗೆ. ಬಸ್ ನಿಲ್ದಾಣ ಬಯಲಲ್ಲಿದ್ದರೂ ಸಾರ್ವಜನಿಕ ಜಾಗವೇ.

ಈಗ ಯಾಕೆ ಅನ್ನೋದು. ಒಂದು ಪ್ಯಾಕ್ ಕೊಳ್ಳುವಷ್ಟು ದುಡ್ಡು ಪಿಯುಸಿ ಹುಡುಗನ ಜೇಬಿನಲ್ಲಿ ಇರಲ್ಲ, ಒಂದು ಸಿಗರೇಟಿನಷ್ಟು ಇರುತ್ತೆ. ಚಟ ಶುರುವಾಗೋದು ಆ ಒಂದರಿಂದ. ಪ್ಯಾಕಿನ ಶೇಕಡಾ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅಂತ 2016ರಿಂದ ನಿಯಮ ಇದೆ. ಬಿಡಿಯಾಗಿ ಕೊಳ್ಳೋನ ಕೈಗೆ ಆ ಚಿತ್ರ ಬರೋದೇ ಇಲ್ಲ. ನಮ್ಮಪ್ಪ ದಿನಕ್ಕೆ ಎಂಟು ಹತ್ತು ಸೇದೋರು. ಜೀವಮಾನದಲ್ಲಿ ಒಂದು ಪ್ಯಾಕ್ ಮನೆಗೆ ತಂದವರಲ್ಲ. ಅಮ್ಮ ಕೇಳಿದರೆ "ಒಂದೇ ಒಂದು ಸೇದಿದೆ ಕಣೆ" ಅನ್ನೋರು. ಅದು ಸುಳ್ಳೂ ಅಲ್ಲ, ಪ್ರತಿ ಸಲ ಅಂಗಡಿಗೆ ಹೋದಾಗ ಒಂದೇ. ಕೊನೆಯ ಎರಡು ವರ್ಷ ಅವರು ಮೂರು ದಿಂಬು ಜೋಡಿಸಿಕೊಂಡು ಕೂತೇ ಮಲಗುತ್ತಿದ್ದರು, ಅಡ್ಡ ಬಿದ್ದರೆ ಉಸಿರು ಹಿಡಿಯುತ್ತಿತ್ತು. ಅದಕ್ಕೇ ಈ ಬಿಡಿ ಸಿಗರೇಟಿನ ನಿಯಮ ನನಗೆ ಸಣ್ಣದಾಗಿ ಕಾಣಲ್ಲ. ಬಿಡಬೇಕು ಅನ್ನಿಸಿದರೆ 1800-11-2356 ಗೆ ಫೋನ್ ಮಾಡಪ್ಪ. ಸರ್ಕಾರದ್ದೇ ಸಹಾಯವಾಣಿ, ದುಡ್ಡು ಹೋಗಲ್ಲ.

ಪ್ರಶ್ನೆ (ಹೊಗೆಸೊಪ್ಪು ಬೆಳೆಗಾರರು, ಅರಕಲಗೂಡು ತಾಲ್ಲೂಕು):
ನಾವು ಬೆಳೆದು ರಾಮನಾಥಪುರದ ಹರಾಜಿಗೆ ಹಾಕಿದ್ರೆ ಸರ್ಕಾರಕ್ಕೆ ಬೇಕು, ಅಂಗಡಿಯವನು ಒಂದು ಸಿಗರೇಟು ಮಾರಿದ್ರೆ ಬೇಡ. ಇದ್ಯಾವ ನ್ಯಾಯ? ನಾಳೆ ನಾವು ಎಲೆ ಒಣಗಿಸಿ ಹದ ಮಾಡೋ ಬ್ಯಾರನ್ನಿಗೂ ಬೀಗ ಹಾಕ್ತಾರಾ?

ಉತ್ತರ:
ಹೊಲಕ್ಕಾಗಲಿ ಬ್ಯಾರನ್ನಿಗಾಗಲಿ ಈ ತಿದ್ದುಪಡಿ ಕೈ ಹಾಕಿಲ್ಲ. ನಿಮ್ಮ ಲೈಸೆನ್ಸು, ಎಷ್ಟು ಬೆಳೆಯಬೇಕು ಅನ್ನೋ ಮಿತಿ, ಹರಾಜು ಎಲ್ಲ 1975ರ ತಂಬಾಕು ಮಂಡಳಿ ಕಾಯ್ದೆಯ ಕೆಳಗೆ ಬರುತ್ತೆ, ಅದು ಕೇಂದ್ರದ್ದು. ಹಾಗಾಗಿ ಬೀಗದ ಭಯ ಬೇಡ.

ನ್ಯಾಯದ ಪ್ರಶ್ನೆಗೆ ಕಾನೂನು ಪುಸ್ತಕದಲ್ಲಿ ಉತ್ತರ ಇಲ್ಲ, ನನ್ನ ಮನಸ್ಸಿನದು ಹೇಳ್ತೀನಿ. ನಿಮ್ಮ ಸಿಟ್ಟು ಸರಿ. ಮಾರುವವನಿಗೆ ಬೇಡ ಅಂದ ಸರ್ಕಾರ, ಬೆಳೆಯುವವನಿಗೆ ಬದಲು ಬೆಳೆ ಯಾವುದು, ಅದಕ್ಕೆ ಹರಾಜಿನಂಥ ಖಾತರಿ ಬೆಲೆ ಎಲ್ಲಿ ಸಿಗುತ್ತೆ ಅಂತಲೂ ಹೇಳಬೇಕಿತ್ತು. ಹಾಗಂತ ಕಾಲೇಜು ಹುಡುಗನ ಕೈಗೆ ಒಂದು ಸಿಗರೇಟು ಕೊಡೋದನ್ನು ನಿಮ್ಮ ಹೆಸರಿನಲ್ಲಿ ಸಮರ್ಥಿಸೋದು ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳ್ತೀನಿ. ಮಳೆಯಲ್ಲಿ ನೆಂದ ಎಲೆ ಮುರಿಯುವಾಗ ಕೈಗೆ ಅಂಟುವ ಕಪ್ಪು ಮೇಣ ಇದೆಯಲ್ಲ, ಅದರ ಜೊತೆ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತೆ. ಸಾಯಂಕಾಲ ಹೆಣ್ಣಾಳುಗಳು ತಲೆ ತಿರುಗುತ್ತೆ, ವಾಂತಿ ಬರುತ್ತೆ ಅಂದರೆ ಅದು ಬಿಸಿಲಿನದ್ದು ಅಂತ ತಿಳಿಯಬೇಡಿ. ಕೈಗವಸು, ತುಂಬು ತೋಳಿನ ಅಂಗಿ ಕೊಡಿ. ಎಲೆ ಆರಿದ ಮೇಲೆ ಮುರಿಸಿ. ಮಕ್ಕಳನ್ನಂತೂ ಕರ್ಕೊಂಡು ಹೋಗಲೇಬೇಡಿ.

ಪ್ರಶ್ನೆ (ಬೇಲೂರಿನ ಗೃಹಿಣಿ):
ನಮ್ಮತ್ತೆ ಎಲೆ ಅಡಿಕೆ ಹಾಕ್ತಾರೆ. ಅದಕ್ಕೂ ದಂಡನಾ?

ಉತ್ತರ:
ಬರೀ ಎಲೆ, ಅಡಿಕೆ, ಸುಣ್ಣ ತಂಬಾಕಲ್ಲ, ಇದರಲ್ಲಿ ಬರಲ್ಲ. ಹೊಗೆಸೊಪ್ಪು ಸೇರಿದರೆ ಅದು ತಂಬಾಕು. ಗುಟ್ಕಾ 2013ರಿಂದಲೇ ರಾಜ್ಯದಲ್ಲಿ ನಿಷೇಧ, ಇ-ಸಿಗರೇಟು 2019ರಿಂದ ದೇಶದಲ್ಲೇ ನಿಷೇಧ.

ಮತ್ತೆ ಬೀಡಾ ಅಂಗಡಿಯವರು:
ಸಾರ್, ನಮ್ಮ ಅಂಗಡಿಯಿಂದ ಕಾಲೇಜ್ ಗೇಟಿಗೆ ನಡೆದ್ರೆ ನೂರೈವತ್ತು ಮೀಟರ್ ಆಗುತ್ತೆ. ತೊಂದರೆ ಇಲ್ವಲ್ಲ?

ಉತ್ತರ:
ನಡೆದು ಅಳೆಯೋದಲ್ಲ, ಗೇಟಿನಿಂದಲೂ ಅಲ್ಲ. ಕಾಲೇಜಿನ ಕಾಂಪೌಂಡು ಗೋಡೆಯಿಂದ ನೇರವಾಗಿ, ದಾರ ಎಳೆದ ಹಾಗೆ. ಮೊದಲು 100 ಗಜ ಇತ್ತು, ಅಂದರೆ ಸುಮಾರು 91 ಮೀಟರ್. ಅವಾಗ ಹೊರಗಿದ್ದ ಕೆಲವು ಅಂಗಡಿ ಈಗ ಒಳಗೆ ಬಂದಿವೆ. ಇವತ್ತೇ ಅಳೆಯಿರಿ. ಒಳಗೆ ಬಂದರೆ ಪ್ಯಾಕನ್ನೂ ಮಾರೋ ಹಾಗಿಲ್ಲ. ಚಹಾ, ಬಿಸ್ಕತ್ತು, ಬಾಳೆಹಣ್ಣಿಗೆ ಅಡ್ಡಿ ಇಲ್ಲ.

ಅಂಗಡಿ ಕಂಬಕ್ಕೆ ದಾರದಲ್ಲಿ ಲೈಟರ್ ನೇತು ಹಾಕಿದ್ದೀರಾ? ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಇರುತ್ತೆ, ಮುಂಚೆ ತೆಂಗಿನ ಹಗ್ಗದ ತುದಿಗೆ ಕಿಡಿ ಇಡ್ತಿದ್ರು. ಸಾರ್ವಜನಿಕ ಜಾಗದಲ್ಲಿ ಬೆಂಕಿಪೊಟ್ಟಣ, ಲೈಟರ್ ಒದಗಿಸಬಾರದು ಅಂತ 2008ರ ನಿಯಮವೇ ಇದೆ.

ಬೀಡಾ ಅಂಗಡಿಯವರು:
ಇದೆ ಸಾರ್. ಈಗ್ಲೇ ಬಿಚ್ತೀನಿ. ಬೋರ್ಡು ಹಳೇದು, 18 ಅಂತ ಐತೆ.

ಉತ್ತರ:
60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ಅದಕ್ಕಿಂತ ಚಿಕ್ಕದಾಗಬಾರದು. ಕನ್ನಡದಲ್ಲಿ ಹೀಗೆ ಬರೆಸಿ: "21 ವರ್ಷ ತುಂಬದವರಿಗೆ ತಂಬಾಕು ಉತ್ಪನ್ನಗಳ ಮಾರಾಟ ಶಿಕ್ಷಾರ್ಹ ಅಪರಾಧ." ಹಾಕಿದ ಮೇಲೆ ಇಲ್ಲೇ ಒಂದು ಫೋಟೋ ಹಾಕಿ, ಬೇರೆ ಅಂಗಡಿಯವರಿಗೂ ಗೊತ್ತಾಗಲಿ.