ಮನೆಮಟ್ಟಿಗೆ ಸ್ವೀಟ್ ಕಾರ್ನ್: ಬೆಳೆದವರು, ಬೇಯಿಸಿದವರು ಹೇಳಿ

ಕೇಳಿದವರು, ದೊಡ್ಡಬಳ್ಳಾಪುರ: ಮನೆ ಹಿಂದೆ ನಾಲ್ಕು ಗುಂಟೆ ಜಾಗ ಖಾಲಿ ಇದೆ. ಬೋರ್‌ವೆಲ್ ನೀರಿದೆ. ಮಕ್ಕಳಿಗೆ ಸ್ವೀಟ್ ಕಾರ್ನ್ ಅಂದ್ರೆ ಪ್ರಾಣ. ಪಕ್ಕದ ಹೊಲದವರು ಪ್ರತಿ ಮುಂಗಾರಿಗೂ ಮುಸುಕಿನ ಜೋಳ ಹಾಕುತ್ತಾರೆ, ಅದರಿಂದ ತೊಂದರೆ ಇದೆಯಾ? ಅಪ್ಪನಿಗೆ ಶುಗರ್ ಇದೆ, ಅವರೂ ತಿನ್ನಬಹುದಾ?

ಶಿಡ್ಲಘಟ್ಟ: ತೊಂದರೆ ಇದೆ ಅಕ್ಕ. ಆ ಜೋಳದ ಪರಾಗ ಗಾಳಿಯಲ್ಲಿ ಬಂದು ನಿಮ್ಮ ತೆನೆಗೆ ಬಿದ್ದರೆ ಆ ತೆನೆಯ ಕಾಳೇ ಹಿಟ್ಟಾಗುತ್ತದೆ, ಸಿಹಿ ಹೋಗುತ್ತದೆ. 250 ಮೀಟರ್ ದೂರ ಇರಲಿ ಅಂತಾರೆ. ನಿಮ್ಮ ಜಾಗದಲ್ಲಿ ಅದು ಆಗದ ಮಾತು. ಅವರು ಯಾವಾಗ ಬಿತ್ತುತ್ತಾರೆ ಕೇಳಿಕೊಂಡು, ಎರಡೂ ಒಟ್ಟಿಗೆ ಹೂ ಬಿಡದ ಹಾಗೆ ಮೂರು ವಾರ ಹಿಂದೆ ಮುಂದೆ ಮಾಡಿ. ನೀರಿದೆಯಲ್ಲ, ಬೇಸಿಗೆಯಲ್ಲಿ ಹಾಕಿದರೆ ಈ ತಲೆನೋವೇ ಇಲ್ಲ.

ಸಾಲಿಗೆ ಎರಡಡಿ, ಗಿಡಕ್ಕೆ ಮುಕ್ಕಾಲು ಅಡಿ ಅಂತರ ಸಾಕು. ನಾಲ್ಕು ಗುಂಟೆಯಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಗಿಡ ಹಿಡಿಸುತ್ತದೆ. ಎಲ್ಲ ತೆನೆ ಒಂದೇ ವಾರ ಬಂದರೆ ಯಾರಿಗೆ ಹಂಚುತ್ತೀರಿ? ಸ್ವಲ್ಪ ಸ್ವಲ್ಪ ಜಾಗಕ್ಕೆ, ಹತ್ತು ಹದಿನೈದು ದಿನ ಬಿಟ್ಟು ಬಿತ್ತಿ. ಬೀಜ ಹೈಬ್ರಿಡ್ ಆಗಿರುತ್ತದೆ, ಎತ್ತಿಟ್ಟುಕೊಂಡು ಮತ್ತೆ ಹಾಕಿದರೆ ಅದೇ ರುಚಿ ಬರಲ್ಲ. ತೆನೆ ಮುರಿದ ಮೇಲೂ ದಂಟು ಹಸಿರಾಗೇ ಇರುತ್ತದೆ. ಹಸು ಇದ್ದರೆ ಅದಕ್ಕೂ ಊಟವಾಯ್ತು.

ಬೆಂಗಳೂರು, ಟೆರೇಸ್ ತೋಟ: ಒಂದೇ ಉದ್ದ ಸಾಲು ಬೇಡ, ಚೌಕವಾಗಿ ಹಾಕಿ. ತೆನೆಯ ಒಂದೊಂದು ಕೂದಲಿಗೂ ಪರಾಗ ಬಿದ್ದರೆ ಮಾತ್ರ ಆ ಕೂದಲಿನ ಬುಡದ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ಬೊಚ್ಚು ಬಾಯಿ ತೆನೆ! ನಾನು ಬೆಳಿಗ್ಗೆ ಸೂಲಂಗಿ (ಗಿಡದ ತುದಿಯ ಗಂಡು ಹೂ) ಅಲ್ಲಾಡಿಸುತ್ತೇನೆ.

ಶಿವಮೊಗ್ಗ: ಹುಳದ ಮಾತು ಯಾರೂ ಎತ್ತಲಿಲ್ಲವಲ್ಲ. ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ದೇಶದಲ್ಲಿ ಮೊದಲು ಕಂಡಿದ್ದೇ ನಮ್ಮ ಕಡೆಯ ಜೋಳದಲ್ಲಿ, 2018ರ ಮೇ ತಿಂಗಳಲ್ಲಿ. ಗಿಡ ಎದ್ದ ಮೇಲೆ ದಿನಾ ಸುಳಿ ನೋಡಿ. ಎಲೆಯಲ್ಲಿ ತೂತು, ಸುಳಿಯಲ್ಲಿ ಒದ್ದೆ ಹಿಕ್ಕೆ ಕಂಡರೆ ಒಳಗೆ ಹುಳ ಇದೆ. ಮನೆಮಟ್ಟಿನ ಬೆಳೆಗೆ ಕೈಯಲ್ಲಿ ಆರಿಸಿ ಸಾಯಿಸುವುದೇ ಒಳ್ಳೆಯದು. ಎಲೆ ಮೇಲಿನ ಮೊಟ್ಟೆ ಗುಂಪನ್ನು ಹೊಸಕಿ ಹಾಕಿ. ಬೇವಿನೆಣ್ಣೆ ಮರಿಹುಳಕ್ಕೆ ಸರಿ. ಬಲಿತ ಮೇಲೆ ಅದಕ್ಕೆ ಜಗ್ಗಲ್ಲ.

ಕೇಳಿದವರು: ಯಾವಾಗ ಮುರಿಯಬೇಕು?

ಶಿಡ್ಲಘಟ್ಟ: ಕೂದಲು ಬಂದು ಮೂರು ವಾರದ ಹೊತ್ತಿಗೆ. ಕೂದಲು ಕಂದಾಗಿ ಒಣಗಿರಬೇಕು. ಸಿಪ್ಪೆ ಸ್ವಲ್ಪ ಸರಿಸಿ ಉಗುರು ಚುಚ್ಚಿ ನೋಡಿ. ನೀರು ಬಂದರೆ ಎಳಸು, ಹಾಲು ಬಂದರೆ ಹದ, ಹಿಟ್ಟು ಬಂದರೆ ಹೊತ್ತು ಮೀರಿತು. ಬೆಳಿಗ್ಗೆ ತಂಪಿನಲ್ಲೇ ಮುರಿಯಿರಿ. ಮುರಿದ ಕ್ಷಣದಿಂದ ಸಿಹಿ ಇಳಿಯುತ್ತದೆ, ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಅಂಗಡಿಯದಕ್ಕೂ ಮನೆಯದಕ್ಕೂ ರುಚಿ ಬೇರೆ ಆಗುವುದು ಇದಕ್ಕೇ.

ಮೈಸೂರು: ಕುದಿಯುವ ನೀರಿನಲ್ಲಿ ಐದಾರು ನಿಮಿಷ ಸಾಕು ಕಣ್ರೀ. ಕುಕ್ಕರ್ ಮೂರು ನಾಲ್ಕು ಸಲ ಕೂಗಿಸುವುದು ಬಲಿತ ಮುಸುಕಿನ ಜೋಳಕ್ಕೆ. ಉಪ್ಪು, ಖಾರದ ಪುಡಿ, ನಿಂಬೆಹೋಳು ಉಜ್ಜಿದರೆ ಬೆಣ್ಣೆ ನೆನಪೇ ಆಗಲ್ಲ. ನಮ್ಮ ಮನೆಯಲ್ಲಿ ಜಾಸ್ತಿ ಖರ್ಚಾಗುವುದು ಕೋಸಂಬರಿ: ನೆನೆಸಿದ ಹೆಸರುಬೇಳೆ, ಬೆಂದ ಕಾಳು, ಸೌತೆಕಾಯಿ, ಕಾಯಿತುರಿ, ಸಾಸಿವೆ ಇಂಗಿನ ಒಗ್ಗರಣೆ. ಜೋಳದ ವಡೆಗೆ ಮಾತ್ರ ಸ್ವೀಟ್ ಕಾರ್ನ್ ಬೇಡ. ರುಬ್ಬಿದರೆ ನೀರಾಗುತ್ತದೆ, ಕಡಲೆಬೇಳೆ, ಅಕ್ಕಿಹಿಟ್ಟು ಸೇರಿಸಿ ಒದ್ದಾಡಬೇಕು. ವಡೆಗೆ ಪಕ್ಕದ ಹೊಲದ ಎಳೆ ಜೋಳ ಕೇಳಿ ತನ್ನಿ!

ಹುಬ್ಬಳ್ಳಿ: ನಿಮ್ಮ ಅಪ್ಪ ತಿನ್ನಬಹುದು, ಆದ್ರೆ ತರಕಾರಿ ಅಂತ ಲೆಕ್ಕ ಹಾಕಬೇಡಿ. ನೂರು ಗ್ರಾಂ ಹಸಿ ಕಾಳಿನಲ್ಲಿ ಸುಮಾರು 86 ಕ್ಯಾಲೊರಿ, 19 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಪ್ರೋಟೀನ್ ಮೂರು ಗ್ರಾಂ ಚಿಲ್ಲರೆ ಅಷ್ಟೇ. ನನಗೂ ಶುಗರ್ ಇದೆ. ಅನ್ನ, ಚಪಾತಿ ಎಲ್ಲ ಉಂಡು ಮೇಲೊಂದು ತೆನೆ ಕಡಿದರೆ ಏರದೇ ಇರುತ್ತಾ? ತೆನೆ ತಿನ್ನುವ ಹೊತ್ತು ನಾನು ಅನ್ನ ಕಡಿಮೆ ಮಾಡ್ತೀನಿ. ಅರ್ಧ ತೆನೆಯಿಂದ ಶುರು ಮಾಡಿ, ಜೊತೆಗೆ ಬೇಳೆ ಇರಲಿ. ಮೇಲಿನ ಕೋಸಂಬರಿ ಅದಕ್ಕೆ ಸರಿಯಾಗಿದೆ. ಎರಡು ಗಂಟೆ ಬಿಟ್ಟು ಮೀಟರ್‌ನಲ್ಲಿ ನೋಡಿ, ಅವರ ಮೈಗೆ ಎಷ್ಟು ಹಿಡಿಸುತ್ತದೆ ಅಂತ ಗೊತ್ತಾಗುತ್ತದೆ. ಮಾತ್ರೆ, ಇನ್ಸುಲಿನ್ ಬದಲಿಸುವ ವಿಚಾರ ಡಾಕ್ಟರ್ ಹತ್ತಿರವೇ ಮಾತಾಡಿ.

ಬೆಂಗಳೂರು, ಟೆರೇಸ್ ತೋಟ: ಹಾಂ, ಗಿಳಿ ಅಳಿಲು ಇದ್ದರೆ ಕೂದಲು ಒಣಗಿದ ಮೇಲೆ ತೆನೆಗೆ ಪೇಪರ್ ಕವರ್ ಕಟ್ಟಿ. ಮೊದಲೇ ಕಟ್ಟಿದರೆ ಕಾಳು ಕಟ್ಟಲ್ಲ.